ಅಪ್ಪನ ಶನಿವಾರದ ಟೀ

ಮೊನ್ನೆ ಪಕ್ಕದ ಮನೆಯ ಹುಡುಗಿ ಪೂರ್ಣಿಮಾ ಬಂದು, "ಆಂಟಿ, ನನ್ನ ಫ್ರೆಂಡ್ಸ್ ಎಲ್ಲಾ ಶ್ರೀರಂಗಪಟ್ಟಣ ನೋಡೋಕೆ ಹೋಗ್ತಿದ್ದಾರೆ. ದೇವಸ್ಥಾನ, ಕೋಟೆ, ದರಿಯಾ ದೌಲತ್ ಎಲ್ಲಾ ಗೊತ್ತು. ಮಧ್ಯಾಹ್ನ ಸುತ್ತಿ ಸುಸ್ತಾದ ಮೇಲೆ ಕೂತು ಒಂದು ಒಳ್ಳೇ ಟೀ ಕುಡಿಯೋಕೆ ಎಲ್ಲಿ ಚೆನ್ನಾಗಿರುತ್ತೆ? ನೀವು ಅಲ್ಲೇ ಇದ್ದೋರಲ್ವಾ?" ಎಂದು ಕೇಳಿದಳು. ಒಂದು ಹೋಟೆಲಿನ ಹೆಸರು ಹೇಳಿ ಕಳಿಸಬಹುದಿತ್ತು. ನಾನು ದೇವಲಾಪುರದ ನಮ್ಮ ಎಮ್ಮೆಯಿಂದ ಶುರು ಮಾಡಿದೆ. ಎಮ್ಮೆ ಇನ್ನೂ ಕೊಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ, ಅಷ್ಟರಲ್ಲಿ ಪೂರ್ಣಿಮಾ "ಅಮ್ಮ ಕರೀತಿದ್ದಾರೆ ಅನ್ಸುತ್ತೆ ಆಂಟಿ" ಎಂದು ಎದ್ದುಬಿಟ್ಟಳು. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವರಿಗೆ ಇದೊಂದು ಕಾಯಿಲೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಲು ಬರುವುದಿಲ್ಲ. ಅವಳು ಕೇಳದೆ ಹೋದದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮನ್ನು ಯಾರೂ ಕರೆಯುತ್ತಿಲ್ಲ ತಾನೆ?

ನಾಗಮಂಗಲದ ಕಡೆಯ ದೇವಲಾಪುರ ನಮ್ಮದು. ಮಳೆ ನೆಚ್ಚಿಕೊಂಡ ಬೆದ್ದಲು, ರಾಗಿ, ಹುರುಳಿ, ನಾಲ್ಕು ಎಮ್ಮೆ. ಊರಿನಲ್ಲಿ ಯಾರ ಮನೆಯಲ್ಲಿ ಏನಿರಲಿ ಬಿಡಲಿ, ಬಿಸಿಲು ಇಳಿಯುವ ಹೊತ್ತಿಗೆ ಟೀ ಮಾತ್ರ ಇರಬೇಕು. ಅವ್ವ ಸೌದೆ ಒಲೆಯ ಮೇಲೆ ಕರಿ ಹಿಡಿದ ಅಲ್ಯೂಮಿನಿಯಂ ಪಾತ್ರೆ ಇಟ್ಟು ಟೀ ಕಾಯಿಸುತ್ತಿದ್ದಳು. ಎಮ್ಮೆ ಹಾಲು, ಬೆಲ್ಲ, ಜಜ್ಜಿದ ಶುಂಠಿ. ಚಮಚ ನಿಲ್ಲಿಸಿದರೆ ಬೀಳಬಾರದು, ಹಾಗೆ. ಅಪ್ಪ ಹೊಲದಿಂದ ಬಂದು ಜಗುಲಿಯ ಮೇಲೆ ಕೂತು, ಮೊದಲು ತಟ್ಟೆಗೆ ಬಗ್ಗಿಸಿ, ಊದಿ ಆರಿಸಿ, ಆ ಮೊದಲ ತಟ್ಟೆಯನ್ನು ನನ್ನ ಬಾಯಿಗೆ ಹಿಡಿಯುತ್ತಿದ್ದರು. ಆಮೇಲೆ ಉಳಿದದ್ದು ಅವರಿಗೆ. ಆ ಟೀ ಸಿಗದಿದ್ದರೆ ಅವರಿಗೆ ತಲೆನೋವು ಬರುತ್ತಿತ್ತು. ಅಪ್ಪನಿಗೆ ತಲೆನೋವು ಬಂದರೆ ಎಮ್ಮೆಗೂ ಬೈಗುಳ, ಆಳಿಗೂ ಬೈಗುಳ, ಆಕಾಶಕ್ಕೂ ಬೈಗುಳ.

ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕಿರಂಗೂರಿನ ಶಾಲೆಗೆ ಕೆಲಸಕ್ಕೆ ಬಂದೆ. ಅಲ್ಲೇ ಮೇಷ್ಟರಾಗಿದ್ದ ವರದರಾಜರನ್ನು ಮದುವೆಯಾದೆ. ಅವರದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಮನೆ, ದೇವಸ್ಥಾನದ ಅಡುಗೆಮನೆಯ ಸೇವೆ ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆತನ. ನಮ್ಮದು ಗೌಡರ ಮನೆ. ತೊಂಬತ್ತರ ದಶಕದ ಶುರುವಿನಲ್ಲಿ ಇದು ಎರಡೂ ಕಡೆ ಎಷ್ಟು ದೊಡ್ಡ ಗುಡುಗು ಎಂದು ವಿವರಿಸಬೇಕಾಗಿಲ್ಲ. ಅಪ್ಪ ಹೆಚ್ಚು ಕೂಗಾಡಲಿಲ್ಲ. "ನೀನು ಸುಖವಾಗಿರವ್ವ. ಆದ್ರೆ ಆ ಮನೆ ಒಸಲು ನಾನು ತುಳ್ಯಾಕಿಲ್ಲ," ಅಂದರು, ಅಷ್ಟೇ. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ಅವ್ವನನ್ನೂ ಕಳಿಸಲಿಲ್ಲ.

ಇತ್ತ ನನ್ನ ಅತ್ತೆ, ರಂಗನಾಯಕಮ್ಮನವರು, ಮೊದಲ ಕೆಲವು ತಿಂಗಳು ನನ್ನ ಜೊತೆ ಮಾತಾಡುವ ಬದಲು ನನ್ನ ಪಕ್ಕದಲ್ಲಿದ್ದ ಗೋಡೆಯ ಜೊತೆ ಮಾತಾಡುತ್ತಿದ್ದರು. "ಊಟಕ್ಕೆ ಹೊತ್ತಾಯ್ತು" ಎಂದು ಗೋಡೆಗೆ ಹೇಳಿದರೆ ನಾನು ಹೋಗಿ ಕೂರುತ್ತಿದ್ದೆ. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನನ್ನ ಕಡೆಗೇ ತಿರುಗಿ "ಕಾಫಿ ಕುಡೀತೀಯೇನೇ ರತ್ನ?" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಕಾಫಿ ನನಗೆ ಸೇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಎರಡು ಲೋಟ ಕುಡಿದೆ. ಅದು ಕಾಫಿಯ ಮನೆ. ಹಿತ್ತಾಳೆ ಫಿಲ್ಟರು ದೇವರ ವಿಗ್ರಹದಷ್ಟೇ ಹೊಳೆಯುತ್ತಿತ್ತು. ಟೀ ಅಂದರೆ ಜ್ವರ ಬಂದವರು ಕುಡಿಯುವ ಕಷಾಯ ಎಂದು ಅತ್ತೆಯ ಅಭಿಪ್ರಾಯ. ಅವರು ಹುಟ್ಟಿದ ಮೇಲೆ ಒಂದು ಗುಟುಕು ಟೀ ಕುಡಿದವರಲ್ಲ.

ಮದುವೆಯಾಗಿ ವರ್ಷ ಕಳೆದಿತ್ತು. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಮರದ ಕೆಳಗೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಪ್ಪ ನಿಂತಿದ್ದರು. ಅವರು ನಿನ್ನೆ ತಾನೇ ನೋಡಿದವರ ಹಾಗೆ, "ಬಾರವ್ವ, ಟೀ ಕುಡ್ಯವ" ಅಂದರು.

"ಯಾವಾಗ ಬಂದ್ರಿ ಅಪ್ಪ? ಏನು ಕೆಲಸ ಇತ್ತು?"

"ಅಗ್ಗ ತಕ್ಕಂಡೋಗವ ಅಂತ ಬಂದೆ."

ನಾಗಮಂಗಲದ ಸಂತೆಯಲ್ಲಿ ರಾಶಿ ರಾಶಿ ಹಗ್ಗ ಸಿಗುವಾಗ, ಪಾಂಡವಪುರ ದಾಟಿ, ಎರಡು ಬಸ್ಸು ಬದಲಿಸಿ ಹಗ್ಗಕ್ಕೆ ಬಂದಿದ್ದರು. ನಾನು ತಲೆಯಾಡಿಸಿದೆ. ಆ ಮೇಲಿನ ಶನಿವಾರಗಳಲ್ಲಿ ಎಮ್ಮೆಯ ಔಷಧಿಗೆ ಬಂದರು, ಕರಿಘಟ್ಟದ ದೇವರಿಗೆ ಕೈ ಮುಗಿಯಲು ಬಂದರು, ಕೆ.ಆರ್. ಪೇಟೆಗೆ ಹೋಗಬೇಕಾದವರು ಬಸ್ಸು ತಪ್ಪಿ ಇಲ್ಲಿಗೆ ಬಂದರು. ಕೆ.ಆರ್. ಪೇಟೆ ಅವರ ಊರಿನಿಂದ ಇನ್ನೊಂದು ದಿಕ್ಕು. ನಾನು ಭೂಗೋಳ ಪಾಠ ಮಾಡುವವಳು. ಆದರೂ ಬಾಯಿ ಮುಚ್ಚಿಕೊಂಡಿದ್ದೆ.

ಹೀಗೆ ನಾವಿಬ್ಬರೂ ಆ ಊರಿನಲ್ಲಿ ಟೀ ಸಿಗುವ ಜಾಗವನ್ನೆಲ್ಲ ಸುತ್ತಿದೆವು. ಮನೆಗೆ ಕರೆಯುವ ಹಾಗಿಲ್ಲ, ರಸ್ತೆಯಲ್ಲಿ ನಿಂತು ಎಷ್ಟು ಮಾತಾಡಲು ಸಾಧ್ಯ? ಟೀ ಇದ್ದರೆ ಕೂರಲು ಒಂದು ಬೆಂಚು ಸಿಗುತ್ತದೆ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹೆಂಗಸರು ಬಂದರೆ ಒಳಗೆ ಹಲಗೆ ಅಡ್ಡ ಕಟ್ಟಿ ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮಿ'ಗೆ ಕಳಿಸುತ್ತಿದ್ದರು. ಅಪ್ಪನಿಗೆ ರೇಗಿತು. "ನನ್ ಮಗಳ ಜೊತೆ ಟೀ ಕುಡ್ಯಾಕೆ ನಾನ್ಯಾಕೆ ಪರದೆ ಇಂದೆ ಕೂರ್ಲಿ? ಕದ್ದು ಕುಡಿಯಕ್ಕೆ ಬಂದಿದ್ದೀವಾ?" ಎಂದು ಎದ್ದೇ ಬಂದರು. ಅಲ್ಲಿಯ ಟೀ ಸಕ್ಕರೆ ಪಾಕದ ಹಾಗಿತ್ತು, ನೊಣಕ್ಕೆ ಮಾಡಿದ್ದು ಎಂದು ತೀರ್ಪು. ರೈಲ್ವೆ ಸ್ಟೇಷನ್ನಿನ ಟೀ ನೀರು ನೀರು. ಆದರೆ ಅಲ್ಲಿ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚು ತಣ್ಣಗಿತ್ತು, ಮೈಸೂರಿನ ಕಡೆ ಹೋಗುವ ಗಾಡಿ ಬಂದಾಗ ಅಪ್ಪ ಮಕ್ಕಳ ಹಾಗೆ ಡಬ್ಬಿಗಳನ್ನು ನೋಡುತ್ತಾ ಕೂರುತ್ತಿದ್ದರು. ದರಿಯಾ ದೌಲತ್ ಮುಂದಿನ ಗಾಡಿಯವನು ಪ್ರವಾಸಿಗರಿಗೆಂದು ಏಲಕ್ಕಿಯ ವಾಸನೆ ಮಾತ್ರ ತೋರಿಸುತ್ತಿದ್ದ. "ಏಲಕ್ಕಿ ಈ ದಾರೀಲಿ ಓಗಿರ್ಬೇಕು, ಒಳಕ್ ಬಿದ್ದಿಲ್ಲ," ಅಂದರು.

ಕೊನೆಗೆ ಅಪ್ಪ ನೆಲೆ ನಿಂತದ್ದು ಗಂಜಾಮಿಗೆ ಹೋಗುವ ರಸ್ತೆಯ ಬಾಷಾ ಸಾಬರ ಅಂಗಡಿಯಲ್ಲಿ. ಹುಣಸೆ ಮರದ ಕೆಳಗೆ ತಗಡಿನ ಮಾಡು, ಎರಡು ಬೆಂಚು, ಒಂದು ಸೀಮೆಎಣ್ಣೆ ಸ್ಟೌ. ಪೂರ್ಣಿಮಾಳ ಪ್ರಶ್ನೆಗೆ ಉತ್ತರ ಇದೇ, ಆದರೆ ಈಗ ಆ ಅಂಗಡಿ ಇಲ್ಲ. ಬಾಷಾ ಸಾಬರು ಟೀಯನ್ನು ಕುದಿಸಿ ಕುದಿಸಿ, ಎತ್ತರದಿಂದ ಸುರಿದು, ಮೇಲೆ ಒಂದು ಚಮಚ ಕೆನೆ ಹಾಕಿ ಕೊಡುತ್ತಿದ್ದರು. ಮೊದಲ ದಿನ ಅಪ್ಪ ತಟ್ಟೆಗೆ ಬಗ್ಗಿಸಿ ಊದಿ, ಮದುವೆಯಾದ, ಸೀರೆ ಉಟ್ಟ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದ ನನ್ನ ಬಾಯಿಗೆ ಆ ತಟ್ಟೆ ಹಿಡಿದರು. ನಾನು ಅತ್ತಿತ್ತ ನೋಡಿ, ನನ್ನ ಶಾಲೆಯ ಮಕ್ಕಳು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕುಡಿದೆ.

"ಬೇಟಿ ಕ್ಯಾ ಗೌಡ್ರೇ?" ಎಂದು ಬಾಷಾ ಸಾಬರು ಕೇಳಿದರು.

"ಊ ಸಾಬ್ರೇ, ನನ್ ಮಗಳು. ಮೇಷ್ಟ್ರಾಗವ್ಳೆ," ಅಂದರು ಅಪ್ಪ. ಹಾಗೆ ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು.

ಅಲ್ಲಿ ಕೂತು ನಾವು ಎಮ್ಮೆ ಈದದ್ದು, ಅವ್ವನ ಮಂಡಿನೋವು, ಊರಿನ ಜಗಳ ಎಲ್ಲ ಮಾತಾಡುತ್ತಿದ್ದೆವು. ಏಳುವ ಹೊತ್ತಿಗೆ, ಎಲ್ಲೋ ನೋಡುತ್ತಾ, "ನಿಮ್ ಮೇಷ್ಟ್ರು ಚೆನ್ನಾಗವ್ರಾ?" ಎಂದು ಕೇಳುತ್ತಿದ್ದರು. ಅಳಿಯ ಎಂಬ ಮಾತು ಬರುತ್ತಿರಲಿಲ್ಲ. "ಚೆನ್ನಾಗಿದ್ದಾರೆ ಅಪ್ಪ" ಅಂದರೆ ಮುಗಿಯಿತು. ಬಸ್ಸು ಹತ್ತಿ ಹೋಗುತ್ತಿದ್ದರು. ನಾನು ಮನೆಗೆ ಹೋಗಿ, ಶಾಲೆಯಿಂದ ಸೈಕಲ್ಲಿನಲ್ಲಿ ಮೊದಲೇ ಬಂದಿರುತ್ತಿದ್ದ ವರದರಾಜರಿಗೆ ಎಲ್ಲವನ್ನೂ ಹೇಳುತ್ತಿದ್ದೆ. ಅವರು "ನಾನೂ ಒಂದ್ಸಲ ಬರ್ಲಾ?" ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ "ಬೇಡ ಬಿಡು, ನಿಮ್ಮಪ್ಪ ಟೀ ಅರ್ಧಕ್ಕೇ ಬಿಟ್ಟು ಹೋದಾರು" ಎಂದು ತಾವೇ ತಡೆಯುತ್ತಿದ್ದರು. ಅತ್ತೆ ಅಲ್ಲೇ ಹೂ ಕಟ್ಟುತ್ತಾ ಕೂತಿರುತ್ತಿದ್ದರು. ಏನೂ ಕೇಳದವರ ಹಾಗೆ ಎಲ್ಲವನ್ನೂ ಕೇಳಿಸಿಕೊಳ್ಳುವುದರಲ್ಲಿ ಅವರು ಗಟ್ಟಿಗರು.

ಒಂದು ಶನಿವಾರ ಬಾಷಾ ಸಾಬರು ಕೊಟ್ಟ ಲೋಟದ ವಾಸನೆಗೇ ನನಗೆ ಹೊಟ್ಟೆ ತೊಳಸಿತು. ಲೋಟವನ್ನು ಆಚೆ ಸರಿಸಿದೆ. ಅಪ್ಪನಿಗೆ ಹೇಗೆ ಹೇಳುವುದು ಎಂದು ಹದಿನೈದು ದಿನದಿಂದ ಯೋಚಿಸುತ್ತಿದ್ದೆ. ಇಂಥ ಮಾತನ್ನು ಮಗಳು ಅಪ್ಪನಿಗೆ ಹೇಳುವ ಪದ್ಧತಿಯೇ ನಮ್ಮಲ್ಲಿಲ್ಲ, ಅವ್ವನ ಮೂಲಕ ಹೋಗಬೇಕು. ಅವ್ವನನ್ನೋ ನೋಡುವ ಹಾಗಿಲ್ಲ.

"ಯಾಕವ್ವಾ, ಟೀ ಚೆನ್ನಾಗಿಲ್ವಾ?"

"ವಾಸನೆ ಸೇರ್ತಿಲ್ಲ ಅಪ್ಪ."

ಅಪ್ಪ ನನ್ನ ಮುಖ ನೋಡಿದರು, ಲೋಟ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ ನನ್ನ ಲೋಟವನ್ನೂ ಎತ್ತಿಕೊಂಡು ಒಂದೇ ಗುಟುಕಿಗೆ ಕುಡಿದು, ಟವೆಲಿನಿಂದ ಬಾಯಿ ಒರೆಸಿಕೊಂಡು, "ನಿಮ್ಮವ್ವಂಗೆ ಯೋಳ್ಲಾ?" ಅಂದರು.

"ಹೇಳಿ ಅಪ್ಪ."

ಅವತ್ತು 'ನಿಮ್ ಮೇಷ್ಟ್ರು' ಹೇಗಿದ್ದಾರೆ ಎಂದು ಕೇಳುವುದನ್ನೇ ಮರೆತರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ನಾನು ಬಸ್‌ಸ್ಟ್ಯಾಂಡಿನ ಮರದ ಕಡೆ ನೋಡಿ ನೋಡಿ ಮನೆಗೆ ಹೋಗುತ್ತಿದ್ದೆ. ಮೊಮ್ಮಗು ಆ ಮನೆಯಲ್ಲಿ ಹುಟ್ಟುತ್ತದೆ ಅನ್ನುವುದು ಈಗ ಅವರಿಗೆ ಚುಚ್ಚಿರಬೇಕು, ಇನ್ನು ಬರುವುದಿಲ್ಲ ಎಂದುಕೊಂಡೆ. ಶನಿವಾರದ ಮಧ್ಯಾಹ್ನಗಳು ಉದ್ದವಾದವು. ವರದರಾಜರು ನನ್ನ ಸಪ್ಪೆ ಮುಖ ನೋಡಲಾರದೆ ಮನೆಯಲ್ಲೇ ಟೀ ಮಾಡಿಕೊಡುತ್ತೇನೆ ಅಂದರು. ನನಗೆ ಬೇಕಾಗಿದ್ದದ್ದು ಟೀ ಅಲ್ಲ ಎಂದು ಗೊತ್ತಿದ್ದೂ ಅಂದರು, ಪಾಪ.

ಆ ವರ್ಷ ಮಳೆ ತಡವಾಗಿತ್ತು. ಕಾವೇರಿಯಲ್ಲಿ ಬಂಡೆಗಳ ಬೆನ್ನು ಕಾಣುತ್ತಿತ್ತು. ನೀರಿನ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ಆಗಾಗ ಬಂದ್ ಆಗುವುದು ನಿಮಗೆ ಗೊತ್ತೇ ಇದೆ. ಒಂದು ಶನಿವಾರ ಬೆಳಗ್ಗೆ ಎಲ್ಲ ಸರಿಯಾಗಿತ್ತು. ಮಧ್ಯಾಹ್ನ ನಾನು ಬಸ್ಸಿಳಿಯುವ ಹೊತ್ತಿಗೆ "ಇದೇ ಕಡೇ ಬಸ್ಸು, ಎಲ್ಲಾ ಇಳ್ಕಳಿ" ಎಂದು ಕಂಡಕ್ಟರು ಕೂಗಿದ. ಅಂಗಡಿಗಳ ಬಾಗಿಲುಗಳು ಒಂದರ ಹಿಂದೆ ಒಂದು ಎಳೆದುಕೊಳ್ಳುತ್ತಿದ್ದವು. ಆ ಗದ್ದಲದ ನಡುವೆ, ಮರದ ಕೆಳಗೆ, ದೊಡ್ಡದೊಂದು ಗಂಟು ಹಿಡಿದುಕೊಂಡು ಅಪ್ಪ ನಿಂತಿದ್ದರು!

"ನಿಮ್ಮವ್ವ ಕಳಿಸವ್ಳೆ," ಎಂದು ಗಂಟು ತೋರಿಸಿದರು. ತುಪ್ಪ, ಕೊಬ್ಬರಿ, ಬೆಲ್ಲ, ಹುರಿಹಿಟ್ಟು. "ತುಪ್ಪಕ್ಕೆ ಬೆಣ್ಣೆ ಕೂಡ್ಲಿ ಅಂತ ಕಾಯ್ತಿದ್ಲು. ಅದಕ್ಕೇ ತಡ ಆಯ್ತು."

ಅಷ್ಟು ದಿನ ನಾನು ಏನೇನೋ ಯೋಚಿಸಿ ಒದ್ದಾಡಿದ್ದು ಬೆಣ್ಣೆಗಾಗಿ! ನಗುವೂ ಅಳುವೂ ಒಟ್ಟಿಗೇ ಬಂತು.

ಬಾಷಾ ಸಾಬರ ಅಂಗಡಿಗೆ ನಡೆದೆವು. ಅವರು ಸ್ಟೌ ಆರಿಸಿ ಬೆಂಚು ಒಳಗೆ ಎಳೆಯುತ್ತಿದ್ದರು. "ಕ್ಯಾ ಕರೇ ಗೌಡ್ರೇ, ಹುಡುಗ್ರು ಬಂದು ಮುಚ್ಚಿ ಅಂದ್ಬುಟ್ರು. ಹಾಲೆಲ್ಲಾ ಮನೇಗೆ ಕಳಿಸ್ದೆ," ಅಂದರು. ಸ್ಟೇಷನ್ನಿಗೆ ಹೋದೆವು, ಅಲ್ಲೂ ಮುಚ್ಚಿತ್ತು. ಬಸ್‌ಸ್ಟ್ಯಾಂಡಿನ ನೊಣದ ಟೀ ಆದರೂ ಆಗಲಿ ಎಂದು ವಾಪಸು ಬಂದೆವು, ಅಲ್ಲಿ ಬೀಗ. ಬಿಸಿಲು ನೆತ್ತಿ ಸುಡುತ್ತಿತ್ತು. ಕೋಟೆ ಬಾಗಿಲಿನ ಹತ್ತಿರ ಬರುವಾಗ ನನಗೆ ಕಣ್ಣು ಕತ್ತಲಿಟ್ಟಂತಾಗಿ ಕಲ್ಲಿನ ಮೇಲೆ ಕೂತೆ.

ಅಪ್ಪ ಗಾಬರಿಯಾದರು. ಟವೆಲಿನಿಂದ ಗಾಳಿ ಹಾಕುತ್ತಾ, "ನನ್ನ್ ಟೀ ಮನೆ ಆಳಾಗ. ಏಳವ್ವ, ನಿಮ್ಮನೆತಕ ಬಿಡ್ತೀನಿ," ಅಂದರು.

ಮನೆ ಎಲ್ಲಿದೆ ಎಂದು ನನ್ನನ್ನು ಕೇಳಲಿಲ್ಲ. ನನಗಿಂತ ಅರ್ಧ ಹೆಜ್ಜೆ ಮುಂದೆ, ಸರಿಯಾದ ತಿರುವುಗಳಲ್ಲೇ ತಿರುಗಿ, ನಮ್ಮ ಬಾಗಿಲಿನ ಮುಂದೆ ಬಂದು ನಿಂತರು. ಯಾವ ಯಾವ ಶನಿವಾರ ಅಲ್ಲಿಯವರೆಗೆ ಬಂದು ಹಿಂದಿರುಗಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಜಗುಲಿಗೆ ಬಂದರು. ನನ್ನ ಮುಖ ನೋಡಿದವರೇ, "ಬಸುರಿ ಹುಡುಗೀನ ಈ ಬಿಸಿಲಲ್ಲಿ ಊರೆಲ್ಲಾ ಸುತ್ತಿಸೋದಾ? ಒಳಗೆ ಬನ್ನಿ ಇಬ್ರೂ," ಎಂದು ಗದರಿದರು. ಅಪ್ಪನನ್ನು ಗದರಿದವರನ್ನು ನಾನು ಅದೇ ಮೊದಲು ನೋಡಿದ್ದು.

"ನಾನು ಇಲ್ಲೇ ಕೂತ್ಕತೀನಿ ಬುಡಿ ಅಮ್ಮಾರೇ," ಎಂದು ಅಪ್ಪ ಜಗುಲಿಯ ಮೇಲೆ ಕೂತರು. ಜಗುಲಿ ಹೊಸ್ತಿಲಿನಿಂದ ಈಚೆಗೆ. ಮಾತು ಮುರಿದ ಹಾಗಾಗಲಿಲ್ಲ.

ಅತ್ತೆ ಒತ್ತಾಯಿಸಲಿಲ್ಲ. ನೀರು, ಬೆಲ್ಲ ತಂದಿಟ್ಟರು. "ಕಾಫಿ ಮಾಡ್ಲಾ?"

"ಕಾಫಿ ಆಗಾಕಿಲ್ಲ ನಂಗೆ. ಏನೂ ಬ್ಯಾಡಿ. ಬಸ್ಸು ಬಿಟ್ಟೇಟ್ಗೆ ಓಯ್ತೀನಿ." ಅಷ್ಟರಲ್ಲೇ ಅವರು ಎರಡು ಬೆರಳಿನಿಂದ ಹಣೆ ಒತ್ತಿಕೊಳ್ಳುತ್ತಿದ್ದರು. ತಲೆನೋವು ಶುರುವಾಗಿತ್ತು.

ಅತ್ತೆ ಒಳಗೆ ಹೋದರು. ಹಿತ್ತಿಲ ಬಾಗಿಲು ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಿಡಿದುಕೊಂಡು ಬಂದರು. ಹಿಂದಿನ ಮನೆಯಿಂದ ಟೀ ಪುಡಿ! ಆ ಕಷಾಯದ ಪುಡಿಯನ್ನು ಅವರು ಯಾರನ್ನೋ ಕೇಳಿ ತರುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಏಳಕೂಡದು ಎಂದು ಹೇಳಿ, ವರದರಾಜರನ್ನು ಸಹಾಯಕ್ಕೆ ಕರೆದುಕೊಂಡು ಅಡುಗೆಮನೆಗೆ ಹೋದರು. ನಾನು ಮಲಗಿದ್ದಲ್ಲಿಂದ ಒಂದು ಕಡೆ ಜಗುಲಿ, ಇನ್ನೊಂದು ಕಡೆ ಅಡುಗೆಮನೆ, ಎರಡೂ ಕಾಣುತ್ತಿದ್ದವು. ನೋಡುತ್ತೇನೆ, ಅತ್ತೆ ಟೀ ಪುಡಿಯನ್ನು ಕಾಫಿ ಫಿಲ್ಟರಿಗೆ ಹಾಕಿ ಒತ್ತುತ್ತಿದ್ದಾರೆ!

"ಅತ್ತೆ, ಅದನ್ನ ಕುದಿಸ್ಬೇಕು," ಅಂದೆ.

"ಕುದಿಸಿದ್ರೆ ಸಾರ ಹೋಗಲ್ವೇನೇ?"

ಜಗುಲಿಯಿಂದ ಅಪ್ಪನ ಧ್ವನಿ ಬಂತು. "ನೀರ್ಗಾಕಿ ಕುದಿಸ್ಬೇಕು!"

"ಏನಂತಾರೆ?"

"ನೀರಿಗೆ ಹಾಕಿ ಕುದಿಸ್ಬೇಕಂತೆ ಅಮ್ಮ," ಎಂದು ವರದರಾಜರು ಅನುವಾದಿಸಿದರು.

"ಎಷ್ಟು ಹೊತ್ತು?"

"ಎಷ್ಟು ಹೊತ್ತು ಅಂತ ಕೇಳ್ತಿದ್ದಾರೆ," ಎಂದು ಅವರೇ ಹೊರಗೆ ಕೂಗಿದರು. ಅದು ಅವರು ನನ್ನ ಅಪ್ಪನಿಗೆ ಆಡಿದ ಮೊದಲ ಮಾತು.

"ಕರ್ರಗಾಗೋತಂಕ! ಆಮ್ಯಾಕೆ ಆಲು, ಆಮ್ಯಾಕೆ ಬೆಲ್ಲ! ಶುಂಠಿ ಜಜ್ಜಾಕಿ!"

"ಬೆಲ್ಲ ಎಷ್ಟು?"

"ಅಯ್ಯೋ, ಅಷ್ಟೂ ಗೊತ್ತಾಗಾಕಿಲ್ವಾ…" ಎಂದು ಗೊಣಗುತ್ತಾ ಅಪ್ಪ ಎದ್ದರು. ಚಪ್ಪಲಿ ಜಗುಲಿಯ ಕೆಳಗೆ ಉಳಿಯಿತು. ದಡದಡನೆ ಹೊಸ್ತಿಲು ದಾಟಿ, ನಡುಮನೆ ದಾಟಿ, ನನ್ನ ಚಾಪೆಯ ಪಕ್ಕದಲ್ಲೇ ಹಾದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಲ್ಲಿಂದ ಕೈ ಚಾಚಿ, "ಇನ್ನೊಂದ್ ಅಚ್ಚಾಕಿ. ಊ, ಆಕಿ. ಚೆನ್ನಾಗ್ ಕುದೀಲಿ," ಎಂದು ಅಪ್ಪಣೆ ಮಾಡತೊಡಗಿದರು.

ವರದರಾಜರು ಬಾಯಿ ತೆರೆದರು. ಏನೋ ಹೇಳಿಯೇ ಬಿಡುತ್ತಿದ್ದರು. ಅತ್ತೆ ಅವರತ್ತ ಒಂದು ನೋಟ ಬೀರಿದರು. ಬಾಯಿ ಮುಚ್ಚಿತು. ಯಾರೂ ಹೊಸ್ತಿಲಿನ ಮಾತೆತ್ತಲಿಲ್ಲ. ಅಪ್ಪನ ಕಣ್ಣೆಲ್ಲ ಪಾತ್ರೆಯ ಮೇಲೆ.

ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪ ಜೀವಮಾನದಲ್ಲಿ ಒಮ್ಮೆಯೂ ಒಲೆ ಹಚ್ಚಿದವರಲ್ಲ. ಅವ್ವ ಪಾತ್ರೆಯನ್ನು ಕೆಳಗಿಳಿಸಿದ ಮೇಲೆ ಬೆಲ್ಲ ಹಾಕುತ್ತಿದ್ದಳು. ಆ ಗುಟ್ಟು ಜಗುಲಿಯ ಮೇಲೆ ಕೂತು ಕುಡಿಯುವವರಿಗೆ ಎಲ್ಲಿ ಗೊತ್ತು? ಹಾಲು ಬಿದ್ದ ಕುದಿಯುವ ಟೀಗೆ ಎರಡನೇ ಅಚ್ಚು ಬೆಲ್ಲ ಬಿದ್ದದ್ದೇ, ಪಾತ್ರೆಯೊಳಗೆ ಹಾಲು ಒಡೆದು ಬಿಳಿ ಬಿಳಿ ಚೂರುಗಳು ತೇಲಿದವು.

ಇಡೀ ಶ್ರೀರಂಗಪಟ್ಟಣದ ಟೀಗಳಿಗೆಲ್ಲ ತೀರ್ಪು ಕೊಟ್ಟ ಅಪ್ಪನ ಮುಖ ಪೆಚ್ಚಾಯಿತು. "ಇದ್ಯಾಕಿಂಗಾಯ್ತು?" ಎಂದು ಮೆಲ್ಲಗೆ ಅಂದುಕೊಂಡರು.

ಅತ್ತೆ ಏನೂ ಆಗದವರ ಹಾಗೆ ಸೌಟಿನಿಂದ ಕಲಕಿ, ಸೋಸಿ, ಬೆಳ್ಳಗೆ ಹೊಳೆಯುವ ನಾಲ್ಕು ಲೋಟಗಳಿಗೆ ಬಗ್ಗಿಸಿದರು. ಒಂದು ಅಪ್ಪನ ಕೈಗೆ, ಒಂದು ಮಗನಿಗೆ, ಒಂದು ನನಗೆ. ನಾಲ್ಕನೆಯದನ್ನು ತಾವೇ ತೆಗೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕುಡಿದರು. ಮುಖ ಒಂದಿಷ್ಟೂ ಕಿವುಚಲಿಲ್ಲ.

ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಬುಟ್ಬುಡಿ ಅಮ್ಮಾರೇ, ಕುಡೀಬ್ಯಾಡಿ. ಕೆಟ್ಟೋಗದೆ."

ಅತ್ತೆ ಖಾಲಿ ಲೋಟ ನೋಡಿಕೊಂಡರು. "ಕೆಟ್ಟಿದೆಯಾ? ನನಗೇನು ಗೊತ್ತು? ಟೀ ಅಂದ್ರೆ ಹೀಗೇ ಇರುತ್ತೆ ಅಂದ್ಕೊಂಡೆ."

ಮೊದಲು ನಕ್ಕವರು ಅಪ್ಪ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕರು. ಅವರು ನಕ್ಕದ್ದಕ್ಕೆ ವರದರಾಜರು, ಅವರಿಬ್ಬರೂ ನಕ್ಕದ್ದಕ್ಕೆ ನಾನು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಕಣ್ಣೊರೆಸಿಕೊಂಡು, ಆ ಒಡೆದ ಟೀಯನ್ನು ಕೊನೆಯ ಹನಿಯವರೆಗೂ ಕುಡಿದರು. ನನಗೂ ಅಂದು ವಾಸನೆ ಅಡ್ಡಬರಲಿಲ್ಲ.

ಆಮೇಲೆ ವರದರಾಜರು ಅವರನ್ನು ನಡುಮನೆಯಲ್ಲಿ ಕೂರಿಸಿಕೊಂಡು ಎಮ್ಮೆಗಳ ಬಗ್ಗೆ ಕೇಳಿದರು. ಎಮ್ಮೆಗೆ ಎಷ್ಟು ಕಾಲು ಎಂಬುದರ ಹೊರತು ಏನೂ ಗೊತ್ತಿಲ್ಲದ ನನ್ನ ಗಂಡ ಅವತ್ತು ಕೇಳಿದ ಪ್ರಶ್ನೆಗಳು ಒಂದೊಂದೂ ಪೆದ್ದು. ಅಪ್ಪ ಒಂದಕ್ಕೂ ಬೇಸರಿಸದೆ ಉತ್ತರ ಹೇಳಿದರು. ಹೇಳುತ್ತಾ ಹೇಳುತ್ತಾ ಗೋಡೆಗೆ ಒರಗಿದರು, ಮಾತು ನಿಧಾನವಾಯಿತು, ತೂಕಡಿಸಿದರು. ಬೆಳಗ್ಗೆ ಕತ್ತಲಲ್ಲೇ ಎದ್ದು ಬಂದವರು. ಅತ್ತೆ ಮೆತ್ತಗಿನ ದಿಂಬು ತಂದು ಪಕ್ಕದಲ್ಲಿಟ್ಟರು. ಅಪ್ಪ ಕಣ್ಣು ತೆರೆಯದೆಯೇ ಅದರ ಮೇಲೆ ತಲೆಯಿಟ್ಟು ನನ್ನ ಚಾಪೆಯ ಪಕ್ಕದಲ್ಲಿ ಮಲಗಿಬಿಟ್ಟರು. ಗೊರಕೆ ಶುರುವಾಯಿತು.

ಹೊತ್ತು ಮುಳುಗುವ ಮುಂಚೆ ಬೀದಿಯಲ್ಲಿ ಸದ್ದು ಮೂಡಿತು. ಅಂಗಡಿಗಳ ಬಾಗಿಲು ಮೇಲೇಳುತ್ತಿದ್ದವು. ವರದರಾಜರು ಹೊರಗೆ ಹೋಗಿ ವಿಚಾರಿಸಿಕೊಂಡು ಬಂದು, "ನಾಗಮಂಗಲದ ಬಸ್ಸು ಬಿಟ್ಟಿದ್ದಾರಂತೆ. ಎಬ್ಬಿಸ್ಲಾ?" ಎಂದು ಪಿಸುಗುಟ್ಟಿದರು.

ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು.

"ಬೀಗರು ಮಲಗಿದ್ದಾರೆ. ಮಾತಾಡ್ಬೇಡ, ಆ ಬಾಗಿಲು ಮುಂದಕ್ಕೆಳೆ."